ರವಿವಾರದ ಸಭೆ ತಪ್ಪಿಸಬಾರದು ಅಂತಾರಲ್ಲ, ಯಾಕೆ? ಮನೆ ಪ್ರಾರ್ಥನೆ ಸಾಲದೇ?

ಮನೆ_ದೀಪ (ಹುಮನಾಬಾದ್)

ಎಲ್ಲರಿಗೂ ವಂದನೆ. ಯುವಜನ ಕೂಟಗಳಲ್ಲಿ ಈ ಪ್ರಶ್ನೆ ಮೇಲಿಂದ ಮೇಲೆ ಏಳುತ್ತಿದೆ: "ಮನೆಯಲ್ಲೇ ಬೈಬಲ್ ಓದುತ್ತೇವೆ, ಮೊಬೈಲಿನಲ್ಲಿ ಪ್ರಸಂಗ ಕೇಳುತ್ತೇವೆ, ಮಲಗುವ ಮುಂಚೆ ಪ್ರಾರ್ಥನೆ ಮಾಡುತ್ತೇವೆ. ಮತ್ತೆ ಪ್ರತಿ ರವಿವಾರ ಚರ್ಚಿಗೆ ಯಾಕೆ?" ಹಿರಿಯರು "ಬರಬೇಕು ಅಂದರೆ ಬರಬೇಕು" ಅಂದುಬಿಡುತ್ತಾರೆ. ಅದು ಯಾರಿಗೂ ನಾಟುವುದಿಲ್ಲ.

ವಚನ ತೋರಿಸುವವರು ಅಧ್ಯಾಯ, ವಾಕ್ಯದ ಸಂಖ್ಯೆ ಕೊಡಿ. ರೂಢಿ ಹೇಳುವವರು ಆ ರೂಢಿ ಎಲ್ಲಿಂದ ಬಂತೆಂದು ಹೇಳಿ. ಶಿಫ್ಟಿನ ಕೆಲಸದವರು, ಸುಗ್ಗಿಯಲ್ಲಿರುವವರು, ಕೂಸು ಇರುವ ತಾಯಂದಿರು, ಏಳಲಾಗದ ವಯಸ್ಸಾದವರು ಏನು ಮಾಡಬೇಕು ಅನ್ನುವುದೂ ಬರಲಿ. ಸ್ವಂತ ಸಾಕ್ಷಿ ಮಾತ್ರ ಇಲ್ಲಿ ಬೇಡ, ಅದಕ್ಕೆ ಬುಧವಾರದ ಕೂಟ ಇದೆ.

ಗೀತಪುಸ್ತಕ (ಬೀದರ್)

ಪದದಿಂದಲೇ ಶುರು ಮಾಡೋಣ. ಚರ್ಚ್ ಅನ್ನುವುದಕ್ಕೆ ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಇರುವುದು 'ಸಭೆ'. ಮೂಲ ಗ್ರೀಕಿನ 'ಎಕ್ಲೇಸಿಯ' ಅನ್ನುವುದು ಊರಿನ ಜನ ಕರೆಗೆ ಓಗೊಟ್ಟು ಒಂದೆಡೆ ಸೇರುವುದಕ್ಕೆ ಇದ್ದ ಮಾತು, ಕಟ್ಟಡದ ಹೆಸರಲ್ಲ. ಕೂಡದಿದ್ದರೆ ಸಭೆ ಅನ್ನುವ ಹೆಸರೇ ನಿಲ್ಲುವುದಿಲ್ಲ. ಮನೆಯಲ್ಲೇ ಕೂತು ಗ್ರಾಮಸಭೆಗೆ ಹಾಜರಾದೆ ಅಂದರೆ ಪಿಡಿಒ ಒಪ್ಪುತ್ತಾರೆಯೇ?

ಎಲ್ಲರೂ ತೋರಿಸುವ ವಚನ ಇಬ್ರಿಯರಿಗೆ 10:25, ಕೂಡಿಬರುವುದನ್ನು ಬಿಡಬೇಡಿರಿ ಎಂಬುದು. ಅದನ್ನು ಕೋಲಿನ ಹಾಗೆ ಬೀಸುತ್ತಾರೆ, ಆದರೆ 24ನೇ ವಾಕ್ಯ ಓದುವುದೇ ಇಲ್ಲ. ಕಾರಣ ಇರುವುದು ಅಲ್ಲಿ: ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಒಬ್ಬರನ್ನೊಬ್ಬರು ಹುರಿದುಂಬಿಸಬೇಕು, ಅದಕ್ಕಾಗಿ ಕೂಡಬೇಕು. ಇನ್ನೂ ಕೆಳಗೆ 32ರಿಂದ 34 ಓದಿದರೆ ಆ ಪತ್ರ ಯಾರಿಗೆ ಬರೆದದ್ದು ಅಂತ ಗೊತ್ತಾಗುತ್ತದೆ. ಆಸ್ತಿ ಕಳೆದುಕೊಂಡವರು, ಜನರೆದುರು ಅವಮಾನ ಪಟ್ಟವರು, ಸೆರೆಯಲ್ಲಿದ್ದವರ ಜೊತೆ ನಿಂತವರು. ಕೂಡಿದರೆ ಕಷ್ಟ ಎಂದಿದ್ದ ಕಾಲದಲ್ಲಿ ಕೂಡಿ ಅಂತ ಬರೆದ ಮಾತು ಅದು.

ಎರಡನೆಯದು, ಹೊಸ ಒಡಂಬಡಿಕೆಯಲ್ಲಿ 'ಒಬ್ಬರನ್ನೊಬ್ಬರು', 'ಒಬ್ಬರಿಗೊಬ್ಬರು' ಎಂದು ಬರುವ ಆಜ್ಞೆಗಳನ್ನು ಸುಮ್ಮನೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಭಾರ ಹೊರುವುದು (ಗಲಾತ್ಯದವರಿಗೆ 6:2), ಪಾಪ ಅರಿಕೆ ಮಾಡಿಕೊಂಡು ಪ್ರಾರ್ಥಿಸುವುದು (ಯಾಕೋಬ 5:16), ಕೀರ್ತನೆಗಳಿಂದ ಬುದ್ಧಿ ಹೇಳುವುದು (ಕೊಲೊಸ್ಸೆಯರಿಗೆ 3:16). ಒಬ್ಬರೇ ಕೂತು ಇವುಗಳಲ್ಲಿ ಒಂದನ್ನಾದರೂ ಮಾಡಲು ಬರುತ್ತದಾ ನೋಡಿ.

ಯೇಸು ಸಬ್ಬತ್ ದಿನ (ಯೆಹೂದ್ಯರ ವಾರದ ವಿಶ್ರಾಂತಿ ದಿನ) ಸಭಾಮಂದಿರಕ್ಕೆ ಹೋಗುತ್ತಿದ್ದದ್ದು ವಾಡಿಕೆ ಎಂದೇ ಲೂಕ 4:16 ಹೇಳುತ್ತದೆ. ಅಲ್ಲಿ ಪ್ರಸಂಗ ಚೆನ್ನಾಗಿರುತ್ತಿತ್ತು ಅಂತ ಹೋದದ್ದಲ್ಲವಲ್ಲ!

ತೊಗರಿ_ಹೊಲ (ಚಿಂಚೋಳಿ ಕಡೆ)

ವಚನ ಎಲ್ಲ ಖರೆ ಅದಾವ ಅಣ್ಣಾರ. ಆದ್ರ ಮತ್ತಾಯ 18:20 ಏನ್ ಹೇಳ್ತದ? ಇಬ್ಬರು ಮೂವರು ಕೂಡಿದಲ್ಲಿ ಅವ ಇರ್ತಾನ. ಗಂಡ ಹೆಂಡ್ತಿ ಮಕ್ಕಳು ಮನ್ಯಾಗ ಕೂಡಿದ್ರ ಮೂರು ಮಂದಿ ಆಯ್ತು. ಯೆಶಾಯ 1:13 ಓದ್ರಿ, ಆಮೋಸ 5:21 ಓದ್ರಿ, ನಿಮ್ಮ ಕೂಟಗಳ ವಾಸನೀನೇ ನನಗ ಬ್ಯಾಡ ಅಂತ ದೇವರೇ ಅಂದಾನ.

ಇನ್ನೊಂದು ಮಾತು. ಡಿಸೆಂಬರ್, ಜನವರಿ ಬಂತಂದ್ರ ತೊಗರಿ ಕೊಯ್ಲು. ಕಾಯಿ ಒಣಗಿದ ಮ್ಯಾಲ ನಾಲ್ಕು ದಿನ ತಡ ಆದ್ರ ಸಿಡಿದು ಹೊಲದಾಗೇ ಉದುರ್ತದ. ಮೋಡ ಕಟ್ಟಿದ್ರಂತೂ ಕೇಳಬ್ಯಾಡ್ರಿ. ಕೂಲಿ ಆಳು ಸಿಗೋದು ಯಾವಾರ ಅಂತ ನಮ್ಮ ಕೈಯಾಗ ಇಲ್ಲ. ರವಿವಾರ ಹತ್ತು ಗಂಟೆಗೆ ಬಿಳಿ ಅಂಗಿ ಹಾಕ್ಕೊಂಡು ಕೂಡ್ರು ಅಂದ್ರ ಹೆಂಗ? ಸಬ್ಬತ್ತು ಮನುಷ್ಯರ ಸಲುವಾಗಿ ಅದ, ಮಾರ್ಕ 2:27.

ಗೀತಪುಸ್ತಕ (ಬೀದರ್)

ಒಂದೊಂದಾಗಿ ನೋಡೋಣ ಅಣ್ಣಾರೇ.

ಮತ್ತಾಯ 18:20ರ ಹಿಂದೆ 15ರಿಂದ 17 ಇದೆ. ತಪ್ಪು ಮಾಡಿದ ಸಹೋದರನಿಗೆ ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಇಬ್ಬರು ಮೂವರ ಸಾಕ್ಷಿ ಇರುವಂತೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಆ ಇಬ್ಬರು ಮೂವರು ಬಂದದ್ದು ಜಗಳ ಬಿಡಿಸಲು. ಸಭೆ ಬಿಡಲಿಕ್ಕೆ ಆ ವಚನದಲ್ಲಿ ಅನುಮತಿ ಇಲ್ಲ, ಅದು ಸಭೆಯೊಂದು ಇದೆ ಎಂದುಕೊಂಡೇ ಮಾತಾಡುತ್ತದೆ.

ಯೆಶಾಯನೂ ಆಮೋಸನೂ ಬೈದದ್ದು ಬಡವರ ನ್ಯಾಯ ತುಳಿದು ಬಂದು ಹಾಡುವವರಿಗೆ. ಪರಿಹಾರವನ್ನೂ ಅವರೇ ಹೇಳಿದ್ದಾರೆ: ನ್ಯಾಯ ಮಾಡಿರಿ (ಯೆಶಾಯ 1:17, ಆಮೋಸ 5:24). 'ಬರಬೇಡಿ, ಮನೆಯಲ್ಲೇ ಇರಿ' ಎಂಬುದು ಅವರ ಪರಿಹಾರ ಅಲ್ಲ.

ತೊಗರಿಯ ಮಾತು ಮಾತ್ರ ನಿಮ್ಮದೇ ಸರಿ, ಇತಿಹಾಸವೂ ನಿಮ್ಮ ಕಡೆಗಿದೆ. ಮೊದಲ ಮುನ್ನೂರು ವರ್ಷ ರವಿವಾರ ರಜೆಯೇ ಇರಲಿಲ್ಲ. ರೋಮ್ ಸಾಮ್ರಾಜ್ಯದಲ್ಲಿ ಅದು ದುಡಿಯುವ ದಿನ. ಸುಮಾರು 112ರಲ್ಲಿ ಬಿಥುನ್ಯದ ಅಧಿಪತಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಕೂಡಿ ಹಾಡುತ್ತಾರೆ, ಆಮೇಲೆ ಚದುರಿ ಮತ್ತೆ ಊಟಕ್ಕೆ ಸೇರುತ್ತಾರೆ ಎಂದಿದೆ. ತ್ರೋವ ಪಟ್ಟಣದಲ್ಲಿ ಅಪೊಸ್ತಲ ಪೌಲನ ಸಭೆ ನಡೆದದ್ದು ರಾತ್ರಿ (ಅಪೊಸ್ತಲರ ಕೃತ್ಯಗಳು 20:7). ಕಾನ್‌ಸ್ಟಂಟೈನ್ ರವಿವಾರದ ರಜೆ ಘೋಷಿಸಿದ್ದು 321ರಲ್ಲಿ. ಆ ಆಜ್ಞೆಯಲ್ಲೂ ಹೊಲದ ಕೆಲಸಕ್ಕೆ ವಿನಾಯಿತಿ ಇತ್ತು, ಬಿತ್ತನೆಯ ಹದ ತಪ್ಪಬಾರದು ಎಂಬ ಕಾರಣ ಹೇಳಿಯೇ. ಬೆಳಿಗ್ಗೆ ಹತ್ತು ಗಂಟೆ ಅನ್ನುವುದು ಬೈಬಲಿನಲ್ಲಿ ಎಲ್ಲೂ ಇಲ್ಲ, ಅದು ನಾವು ಹಾಕಿಕೊಂಡದ್ದು.

ಹಾಗಾಗಿ ಕೊಯ್ಲಿನ ಆರು ವಾರ ಬೆಳಿಗ್ಗೆ 6ಕ್ಕೆ 45 ನಿಮಿಷದ ಆರಾಧನೆ ಇಡಬೇಕು ಅಂತ ಪಾಸ್ಟೊರೇಟ್ ಕಮಿಟಿಯಲ್ಲಿ ಕೇಳಿ. ಎರಡು ಗೀತೆ, ಒಂದು ಕೀರ್ತನೆ, ಒಂದು ಸುವಾರ್ತೆ ಪಾಠ, 12 ನಿಮಿಷ ಪ್ರಸಂಗ, ಕಾಣಿಕೆ, ಆಶೀರ್ವಾದ. 7ರೊಳಗೆ ಹೊಲ. ಕೆಲಸದ ಬಟ್ಟೆಯಲ್ಲೇ ಬರಬಹುದು ಅಂತ ಮುಂಚೆಯೇ ಸಾರಿಬಿಡಬೇಕು. ಇಲ್ಲದಿದ್ದರೆ ಅಂಗಿಯ ನಾಚಿಕೆಗೇ ಅರ್ಧ ಮಂದಿ ಬರುವುದಿಲ್ಲ.

ಹಳೇ_ರಿಜಿಸ್ಟರ್ (ಬೀದರ್)

ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಯಲ್ಲಿ ಮೆಥಡಿಸ್ಟ್ ಸಭೆಗಳೇ ಹೆಚ್ಚು. ಹಾಗಾಗಿ ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ ಇದನ್ನು ಹೇಗೆ ನಡೆಸಿದರು ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಉತ್ತರ ಅಲ್ಲೇ ಇದೆ, ನಾವದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇವೆ.

1743ರ ಸಾಮಾನ್ಯ ನಿಯಮಗಳು ಮೂರು: ಕೆಟ್ಟದ್ದು ಮಾಡಬೇಡ, ಒಳ್ಳೆಯದು ಮಾಡು, ದೇವರು ನೇಮಿಸಿದ ಕೃಪಾಸಾಧನಗಳನ್ನು ಬಿಡಬೇಡ. ಮೂರನೆಯದರ ಕೆಳಗೆ ಸಭೆಯ ಆರಾಧನೆ, ವಾಕ್ಯ, ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು), ಮನೆಯವರೊಂದಿಗೂ ಏಕಾಂತದಲ್ಲೂ ಪ್ರಾರ್ಥನೆ, ಶಾಸ್ತ್ರ ಓದುವುದು, ಉಪವಾಸ ಬರುತ್ತವೆ. ಮನೆ ಪ್ರಾರ್ಥನೆಯೂ ಅದೇ ಪಟ್ಟಿಯಲ್ಲಿದೆ ನೋಡಿ. ಅದು ಇದ್ದರೆ ಇದು ಬೇಡ ಅನ್ನುವ ಲೆಕ್ಕ ಅಲ್ಲಿಲ್ಲ.

ಆದರೆ ನಿಯಮ ಬರೆದರೆ ಯಾರು ಬರುತ್ತಾರೆ? ಕೆಲಸ ಮಾಡಿದ್ದು ಕ್ಲಾಸ್ ಮೀಟಿಂಗ್. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾಲಯದ ಮೇಲೆ ಸಾಲ ಇತ್ತು. ಫಾಯ್ ಎಂಬ ಕ್ಯಾಪ್ಟನ್, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದ. ಬಡವರಿಗೆ ಆಗುವುದಿಲ್ಲವಲ್ಲ ಅಂದದ್ದಕ್ಕೆ, ಹನ್ನೊಂದು ಮಂದಿಯನ್ನು ನನಗೆ ಒಪ್ಪಿಸಿ, ಕೊಡಲಾಗದವರದ್ದು ನಾನೇ ತುಂಬುತ್ತೇನೆ ಎಂದ. ಹೀಗೆ ಹನ್ನೆರಡು ಹನ್ನೆರಡರ ಗುಂಪಾಯಿತು. ಲೀಡರ್ ಹಣಕ್ಕೆಂದು ವಾರಕ್ಕೊಮ್ಮೆ ಮನೆಮನೆಗೆ ಹೋದಾಗ ಎಲ್ಲಿ ಕುಡಿತ ಇದೆ, ಎಲ್ಲಿ ಜಗಳ ಇದೆ, ಯಾರು ಹಾಸಿಗೆ ಹಿಡಿದಿದ್ದಾರೆ ಎಲ್ಲ ಕಣ್ಣಿಗೆ ಬಿತ್ತು. ಸಾಲಕ್ಕೆ ಹುಟ್ಟಿದ ಏರ್ಪಾಡು ಆತ್ಮಗಳ ಕಾಳಜಿಯ ಏರ್ಪಾಡಾಯಿತು. ಮೂರು ತಿಂಗಳಿಗೊಮ್ಮೆ ಕ್ಲಾಸ್ ಟಿಕೆಟ್ ಕೊಡುತ್ತಿದ್ದರು, ಬರದೇ ಇದ್ದವರಿಗೆ ಹೊಸದು ಸಿಗುತ್ತಿರಲಿಲ್ಲ.

ತಪ್ಪದೆ ಬರುವುದರ ಅರ್ಥ ಇಷ್ಟು: ನೀವು ಒಂದು ವಾರ ಇಲ್ಲದಿದ್ದರೆ ಅದು ಇನ್ನೊಬ್ಬರಿಗೆ ಗೊತ್ತಾಗಬೇಕು. ತಿಂಗಳಿಗೊಮ್ಮೆ, ಹಬ್ಬಕ್ಕೊಮ್ಮೆ ಬರುವವರು ಕಾಯಿಲೆ ಬಿದ್ದರೂ ಗೊತ್ತಾಗುವುದಿಲ್ಲ. ಅವರು ಇಲ್ಲದಿರುವುದೇ ರೂಢಿಯಲ್ಲವೇ?

ಇದನ್ನು ಇವತ್ತು ಮಾಡುವುದು ಹೀಗೆ. ಅರವತ್ತು ಮನೆ ಇದ್ದರೆ ಓಣಿಯ ಪ್ರಕಾರ ಹನ್ನೆರಡು ಹನ್ನೆರಡರ ಐದು ಗುಂಪು. ನೆಂಟಸ್ತಿಕೆಯ ಪ್ರಕಾರ ಹಂಚಬೇಡಿ. ಒಂದೇ ಮನೆತನದ ಗುಂಪಾದರೆ ಮನೆಯ ಜಗಳ ಗುಂಪಿನ ಜಗಳವಾಗಿ ಕೂಡ್ರುತ್ತದೆ. ಲೀಡರ್ ಕೈಯಲ್ಲಿ ನಲವತ್ತು ಪುಟದ ಒಂದು ನೋಟ್‌ಬುಕ್. ಒಂದು ರವಿವಾರ ಕಾಣದಿದ್ದರೆ ಬರೀ ಗುರುತು. ಎರಡನೆಯ ರವಿವಾರವೂ ಕಾಣದಿದ್ದರೆ ಅವತ್ತೇ ಸಂಜೆ ಫೋನ್. ಮೂರನೆಯದಕ್ಕೆ ಮನೆಗೆ ಹೋಗುವುದು, ಇಬ್ಬರು, ಹದಿನೈದು ನಿಮಿಷ. ನಾಲ್ಕನೆಯದಾದ ಮೇಲೆ ಪಾಸ್ಟರ್‌ಗೆ ತಿಳಿಸುವುದು. ಕೆಡುವುದು ಎಲ್ಲಿ ಗೊತ್ತೇ? ಲೀಡರ್ ಆ ನೋಟ್‌ಬುಕ್ ಎಲ್ಲರೆದುರು ಓದಿದರೆ. ಅಂದಿನಿಂದ ಅದು ಪೊಲೀಸ್ ಠಾಣೆಯ ಹಾಜರಿ ಪುಸ್ತಕ.

ಫರ್ಸಿ_ಕಲ್ಲು (ಶಹಾಬಾದ್)

ಹಾಜರಿ ಪುಸ್ತಕದ ಮಾತು ಸರಿ. ಎಷ್ಟೋ ಕಡೆ ಆರು ತಿಂಗಳು ಬರದವರ ಮನೆಗೆ ಮೊದಲು ಹೋಗುವುದು ಬಾಕಿ ಚಂದಾದ ಚೀಟಿ.

ಮರಿಯಾಳ_ಗುಡಿ_ಬೀದಿ (ಕಲಬುರಗಿ)

ಕಥೋಲಿಕರ ಕಡೆಯಿಂದ ಒಂದಿಷ್ಟು. ನಮ್ಮಲ್ಲಿ ಇದು ಸಲಹೆ ಅಲ್ಲ, ಕಟ್ಟಳೆ. ಧರ್ಮಸಭೆಯ ಕಾನೂನು ಸಂಹಿತೆಯ 1247ನೇ ವಿಧಿ ಪ್ರಕಾರ ಭಾನುವಾರವೂ ಕಡ್ಡಾಯ ಹಬ್ಬದ ದಿನಗಳಂದೂ ಬಲಿಪೂಜೆಯಲ್ಲಿ (ಮಾಸ್) ಪಾಲ್ಗೊಳ್ಳಲೇಬೇಕು. ಶನಿವಾರ ಸಂಜೆಯ ಪೂಜೆಗೆ ಬಂದರೂ ಕರ್ತವ್ಯ ಮುಗಿಯುತ್ತದೆ, ಅದು 1248. ಈ ಎರಡನೆಯದು ಎಷ್ಟೋ ಜನರಿಗೆ ಗೊತ್ತಿಲ್ಲ. ಭಾನುವಾರ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು.

ಕಟ್ಟಳೆ ಅಂದ ತಕ್ಷಣ ಹೆದರಬೇಕಾಗಿಲ್ಲ. ಕಾಯಿಲೆ, ಹಸುಗೂಸಿನ ಆರೈಕೆಯಂಥ ಗಂಭೀರ ಕಾರಣ ಇದ್ದರೆ ಆ ಭಾರ ಇಲ್ಲ ಎಂದು ಧರ್ಮೋಪದೇಶ ಗ್ರಂಥವೇ 2181ರಲ್ಲಿ ಹೇಳುತ್ತದೆ. ಧರ್ಮಕೇಂದ್ರದ ಗುರುಗಳಿಗೂ ವಿನಾಯಿತಿ ಕೊಡುವ ಅಧಿಕಾರ ಇದೆ.

ಗುಲ್ಬರ್ಗ ಧರ್ಮಪ್ರಾಂತ್ಯ ಆದದ್ದು 2005ರಲ್ಲಿ, ಹೊಸದು. ಹಳ್ಳಿಗಳಲ್ಲಿ ನಮ್ಮವರು ಅಲ್ಲೊಂದು ಇಲ್ಲೊಂದು ಮನೆ. ಗುರುಗಳಿಗೆ ಪ್ರತಿ ಭಾನುವಾರ ಎಲ್ಲ ಕಡೆ ಬರಲಾಗುವುದಿಲ್ಲ. ಅಂಥಲ್ಲಿ ಉಪದೇಶಿಯೋ ಹಿರಿಯರೋ ವಾಕ್ಯವಿಧಿ ನಡೆಸಬೇಕು, ಅಂಥ ವಿಧಿಯಲ್ಲಿ ಪಾಲ್ಗೊಳ್ಳಿ ಎಂದು 1248ರ ಎರಡನೇ ಭಾಗ ಒತ್ತಿ ಸಲಹೆ ಕೊಡುತ್ತದೆ. ಆ ದಿನದ ವಾಚನಗಳು, ಕೀರ್ತನೆ, ವಿಶ್ವಾಸಿಗಳ ಪ್ರಾರ್ಥನೆ, ಪರಲೋಕ ಪ್ರಾರ್ಥನೆ. 40 ನಿಮಿಷ ಸಾಕು. ಗುರುಗಳು ಬಂದಿಲ್ಲ ಅಂತ ಬಾಗಿಲು ಹಾಕಿಕೊಂಡು ಕೂತರೆ ಮೂರು ವಾರದಲ್ಲಿ ಅಭ್ಯಾಸ ತಪ್ಪುತ್ತದೆ, ಆಮೇಲೆ ಗುರುಗಳು ಬಂದ ದಿನವೂ ನಾಲ್ಕೇ ಮಂದಿ.

ಇನ್ನು, 304ರಲ್ಲಿ ಉತ್ತರ ಆಫ್ರಿಕದ ಅಬಿಟಿನೆ ಊರಿನ 49 ಮಂದಿ ಭಾನುವಾರ ಕೂಡಿದ್ದಕ್ಕೇ ಸಿಕ್ಕಿಬಿದ್ದರು. ಕೂಟ ನಡೆಸಬಾರದೆಂಬ ಚಕ್ರವರ್ತಿಯ ಆಜ್ಞೆ ಗೊತ್ತಿದ್ದೂ ಯಾಕೆ ಸೇರಿದಿರಿ ಅಂತ ಕಾರ್ಥೇಜಿನಲ್ಲಿ ವಿಚಾರಣೆ ನಡೆದಾಗ, ಇದಿಲ್ಲದೆ ನಮಗೆ ಆಗದು ಎಂಬರ್ಥದ ಉತ್ತರ ಕೊಟ್ಟರು. 'ಬರಲೇಬೇಕಾ?' ಅನ್ನುವ ಪ್ರಶ್ನೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ ಅನಿಸುತ್ತದೆ.

ಮೂರನೇ_ಪಾಳಿ (ವಾಡಿ)

ಸಿಮೆಂಟ್ ಫ್ಯಾಕ್ಟರಿ ಮಂದಿ ಸಲುವಾಗಿ ಲೆಕ್ಕ ಹಾಕ್ತೀನಿ ನೋಡ್ರಿ. ಪಾಳಿ ಮೂರು: 6ರಿಂದ 2, 2ರಿಂದ 10, ರಾತ್ರಿ 10ರಿಂದ 6. ವಾರಕ್ಕೊಮ್ಮೆ ಬದಲಿ. 'ಶಿಫ್ಟ್ ಅದ, ಬರಾಕ ಆಗಲ್ಲ' ಅಂತ ಎಲ್ಲಾರೂ ಅಂತಾರ. ಆದ್ರ ಹತ್ತು ಗಂಟೆ ಆರಾಧನೆಗೆ ಖರೇನೇ ಅಡ್ಡ ಬರೋದು ಮೊದಲನೇ ಪಾಳಿ ಒಂದೇ. ಎರಡನೇ ಪಾಳಿ ಇದ್ದವರು ಹನ್ನೆರಡಕ್ಕ ಮುಗಿಸಿ ಊಟ ಮಾಡಿ ಹೋಗಬಹುದು. ರಾತ್ರಿ ಪಾಳಿ ಮಂದಿಗೆ ಬೆಳಿಗ್ಗೆ ಆರಕ್ಕ ಬಿಟ್ಟು ಹತ್ತಕ್ಕ ಕೂಡ್ರು ಅಂದ್ರ ಪ್ರಸಂಗದಾಗ ತೂಕಡಿಸ್ತಾರ, ಯೂತಿಕನ ಗತಿ ಆಗ್ತದ (ಅಪೊಸ್ತಲರ ಕೃತ್ಯಗಳು 20:9), ಅವ ಮೂರನೇ ಅಂತಸ್ತಿಂದ ಬಿದ್ದಿದ್ದ! ಅವರಿಗೆ ಸಂಜಿ 6ರ ಆರಾಧನಿ ಬೇಕು. ಮೊದಲನೇ ಪಾಳಿ ಮಂದಿಗೂ ಅದೇ ಆಗ್ತದ. ಅಂದ್ರ ಸಂಜಿ ಒಂದು ಆರಾಧನಿ ಇಟ್ರ ಮೂರೂ ಪಾಳಿ ಮುಗೀತು. ಅದಕ್ಕ ಪಾಸ್ಟರೇ ಪೂರಾ ನಡೆಸಬೇಕಂತಿಲ್ಲ, ಲೇ ಲೀಡರ್ (ಪಾಸ್ಟರ್ ಅಲ್ಲದ ಸಭೆಯ ಮುಖಂಡ) ನಡೆಸಿದ್ರೂ ನಡೀತದ.

ಓಟಿ ಸಲುವಾಗಿ ತಪ್ಪಿಸೋದು ಬ್ಯಾರೆ ಮಾತು. ಅದನ್ನ ಶಿಫ್ಟ್ ಅಂತ ಹೇಳಬ್ಯಾಡ್ರಿ.

ನೆಟ್ವರ್ಕ್_ಇಲ್ಲ (ಸುರಪುರ)

ಕೊರೊನಾ ಬಂದಾಗ 2020ರಲ್ಲಿ ಎಲ್ಲರೂ ಮೊಬೈಲಿನಲ್ಲೇ ಆರಾಧನೆ ಮಾಡಿದರಲ್ಲ, ಆಗ ಸರಿ ಇದ್ದದ್ದು ಈಗ ಯಾಕೆ ತಪ್ಪು?

ಹಳೇ_ರಿಜಿಸ್ಟರ್ (ಬೀದರ್)

ತಪ್ಪಲ್ಲ ತಮ್ಮಾ, ಅರ್ಧ. ಹಾಸಿಗೆ ಹಿಡಿದವರಿಗೆ, ದೂರದ ಊರಿನಲ್ಲಿ ಕನ್ನಡ ಸಭೆ ಸಿಗದವರಿಗೆ ಲೈವ್ ದೊಡ್ಡ ಉಪಕಾರ, ಅದನ್ನು ನಿಲ್ಲಿಸಬಾರದು. ಆದರೆ ಕಾಲಿದ್ದವರಿಗೆ ಅದು ಕೇಳುವ ಸೌಕರ್ಯ ಮಾತ್ರ. ಪರದೆ ನಿಮ್ಮನ್ನು ನೋಡುವುದಿಲ್ಲ. ನೀವು ಹಾಡಿದ್ದು ಪಕ್ಕದವರಿಗೆ ಕೇಳುವುದಿಲ್ಲ, ಪಕ್ಕದವರ ದನಿ ಒಡೆದದ್ದು ನಿಮಗೆ ಗೊತ್ತಾಗುವುದಿಲ್ಲ. ಬೇಸರ ಬಂದರೆ ಮುಂದಕ್ಕೆ ಓಡಿಸುತ್ತೀರಿ. ಇಷ್ಟವಿಲ್ಲದ ಪ್ರಸಂಗ, ಇಷ್ಟವಿಲ್ಲದ ಮನುಷ್ಯ, ಇವೆರಡನ್ನೂ ಸಹಿಸುವ ಅಭ್ಯಾಸ ಮನೆಯಲ್ಲಿ ಆಗುವುದಿಲ್ಲ. ಸಭೆಯ ಅರ್ಧ ಪಾಠ ಅದೇ ಅನ್ನುವುದು ನನ್ನ ಅಭಿಪ್ರಾಯ.

ಲೈವ್ ನಡೆಸುವವರು ಒಂದು ಕೆಲಸ ಮಾಡಿ. ಖಾಯಂ ನೋಡುವವರ ಹೆಸರು ಬರೆದಿಡಿ, ಅದು ಭೇಟಿಯ ಪಟ್ಟಿಯಾಗಬೇಕು. ಬರಲಾಗದವರಿಗೆ ತಿಂಗಳಿಗೊಮ್ಮೆ ಮನೆಗೇ ಕರ್ತನ ಭೋಜನ ಒಯ್ಯಬೇಕು. ಇದೇನು ಹೊಸ ಪದ್ಧತಿಯಲ್ಲ. ಸುಮಾರು 155ರಲ್ಲಿ ಹುತಾತ್ಮ ಜಸ್ಟಿನ್ ರೋಮಿನಲ್ಲಿ ಬರೆದ ಮನವಿಯಲ್ಲಿ ಭಾನುವಾರದ ಕೂಟದ ಪೂರ್ತಿ ಕ್ರಮ ಇದೆ: ಸಮಯ ಇರುವಷ್ಟು ಓದು, ಅಧ್ಯಕ್ಷರ ಬೋಧನೆ, ಎದ್ದು ನಿಂತು ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ, ಬಾರದವರಿಗೆ ಸಭಾಸೇವಕರು ಒಯ್ದು ಕೊಡುವುದು, ಕೂಡಿದ ಕಾಣಿಕೆಯಲ್ಲಿ ಅನಾಥರು, ವಿಧವೆಯರು, ಸೆರೆಯವರು, ಪರಸ್ಥಳದವರ ಪೋಷಣೆ. ಬಾರದವರನ್ನು ಲೆಕ್ಕದಲ್ಲಿಟ್ಟಿದ್ದರು ಅಂದರೆ ಬಂದವರ ಲೆಕ್ಕವೂ ಇತ್ತು.

ಸೆರಗಿನ_ಗಂಟು (ಭಾಲ್ಕಿ)

ಕರ್ತನ ಭೋಜನದ ಮಾತು ಬಂತು, ಅಡುಗೆಮನೆಯ ಮಾತು ಹೇಳಿಬಿಡುತ್ತೇನೆ. ಮಹಿಳಾ ಸಂಘದವರಿಗೆ ಬೇಕಾಗುತ್ತದೆ. ಮೆಥಡಿಸ್ಟರಲ್ಲಿ ಹುಳಿಯದ ದ್ರಾಕ್ಷಿ ರಸ. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯ ರಸವನ್ನು ಕಾಯಿಸಿ ಹುಳಿಯದಂತೆ ಇಡುವುದನ್ನು ಕಂಡುಕೊಂಡದ್ದು ಇದಕ್ಕಾಗಿಯೇ.

ಸಣ್ಣ ಲೋಟಕ್ಕೆ 8ರಿಂದ 10 ಮಿಲಿ, ನೂರು ಮಂದಿಗೆ ಒಂದು ಲೀಟರ್. ಕಪ್ಪು ಒಣದ್ರಾಕ್ಷಿ ಅರ್ಧ ಕಿಲೋ ತಗೊಳ್ಳಿ. ಮೇಲೆ ಎಣ್ಣೆ ಸವರಿರುತ್ತಾರೆ, ಬಿಸಿನೀರಿನಲ್ಲಿ ಎರಡು ಸಲ ತೊಳೆಯಿರಿ. ಒಂದೂಕಾಲು ಲೀಟರ್ ನೀರಿನಲ್ಲಿ ಶುಕ್ರವಾರ ರಾತ್ರಿ ನೆನೆಹಾಕಿ. ಶನಿವಾರ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಹಿಸುಕಿ, ತೊಳೆದ ಬಿಳಿ ಬಟ್ಟೆಯಲ್ಲಿ ಎರಡು ಸಲ ಸೋಸಿ, ಆರಿಸಿ ಫ್ರಿಜ್ಜಿನಲ್ಲಿಡಿ. ಸ್ಟೀಲು ಅಥವಾ ಗಾಜು ಮಾತ್ರ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಟ್ಟರೆ ದ್ರಾಕ್ಷಿಯ ಹುಳಿಗೆ ಕಿಲುಬು ಬಿಡುತ್ತದೆ, ಬಾಯಿಗೆ ಲೋಹದ ರುಚಿ ಹತ್ತುತ್ತದೆ. ಮೇ ತಿಂಗಳಲ್ಲಿ ಒಂದು ಹಗಲು ಹೊರಗಿಟ್ಟರೂ ನೊರೆ ಬರುತ್ತದೆ. ನೊರೆ ಕಂಡರೆ ಚೆಲ್ಲಿ, ಮತ್ತೆ ಕುದಿಸಿ ಕೊಡಬೇಡಿ.

ಈಗ ಮುಖ್ಯ ಮಾತು. ಕೂಸಿನ ತಾಯಂದಿರು ಮೊದಲನೇ ವರ್ಷ ತಪ್ಪಿಸುತ್ತಾರೆ, ಆಮೇಲೆ ಬರುವುದೇ ಇಲ್ಲ. ಕಾರಣ ಭಕ್ತಿ ಕಡಿಮೆಯಾದದ್ದಲ್ಲ. ಕೂಸು ಅತ್ತಾಗ ಮುಂದಿನ ಸಾಲಿನವರು ತಿರುಗಿ ನೋಡುತ್ತಾರಲ್ಲ, ಆ ನೋಟ. ಹಿಂದಿನ ಬಾಗಿಲ ಹತ್ತಿರ ಎರಡು ಬೆಂಚು ಅವರಿಗೇ ಬಿಡಿ, ಗೋಡೆಯ ಬದಿಗೆ ಪರದೆ ಕಟ್ಟಿ ಹಾಲುಣಿಸಲು ಜಾಗ ಮಾಡಿ, ಒಂದು ಸ್ಪೀಕರ್ ಅಲ್ಲಿಗೂ ಕೇಳುವಂತಿರಲಿ. ಇನ್ನೂರು ರೂಪಾಯಿಯ ಬಟ್ಟೆ, ಅಷ್ಟೇ ಖರ್ಚು.

ಮನೆಗೆ ಭೇಟಿ ಹೋಗುವವರೂ ಕೇಳಿ. "ಯಾಕೆ ಬಂದಿಲ್ಲ ಅಕ್ಕಾ, ಮೂರು ವಾರ ಆಯಿತು" ಅಂತ ಬಾಗಿಲಲ್ಲೇ ಶುರು ಮಾಡಬೇಡಿ. ಅದಕ್ಕೆ ಬರುವುದು ಒಂದೇ ಉತ್ತರ, ಸುಳ್ಳು. ಆರೋಗ್ಯ ಕೇಳಿ, ಮಕ್ಕಳ ಓದು ಕೇಳಿ, ಒಂದು ಕೀರ್ತನೆ ಓದಿ, ಎರಡು ನಿಮಿಷ ಪ್ರಾರ್ಥಿಸಿ, ಚಹಾ ಕುಡಿದು ಏಳಿ. ಏಳುವಾಗ, "ಈ ರವಿವಾರ ನನ್ನ ಪಕ್ಕ ನಿಮಗೆ ಜಾಗ ಹಿಡಿದಿರ್ತೀನಿ" ಅನ್ನಿ. ಕಾರಣ ಇದ್ದರೆ ಅವರೇ ಹೇಳುತ್ತಾರೆ.

ಮರಿಯಾಳ_ಗುಡಿ_ಬೀದಿ (ಕಲಬುರಗಿ)

ಅಕ್ಕಾ, ಪರದೆಯ ಮಾತು ಬಹಳ ಒಳ್ಳೆಯದು. ರಸದ ವಿಷಯ ಮಾತ್ರ, ನಮ್ಮ ಬಲಿಪೂಜೆಗೆ ಇದು ನಡೆಯುವುದಿಲ್ಲ. 924ನೇ ವಿಧಿ ಪ್ರಕಾರ ದ್ರಾಕ್ಷಿಯಿಂದಾದ ಕೆಡದ ಸಹಜ ದ್ರಾಕ್ಷಾರಸವೇ ಬೇಕು, ರೊಟ್ಟಿ ಗೋದಿಯದ್ದೇ. ಎರಡೂ ಸಭೆಯ ಮದುವೆಗಳಲ್ಲಿ ಸಹಾಯ ಮಾಡುವವರಿಗೆ ಗೊಂದಲ ಆಗದಿರಲಿ ಅಂತ ಹೇಳಿದೆ.

ಫರ್ಸಿ_ಕಲ್ಲು (ಶಹಾಬಾದ್)

ಎಲ್ಲರೂ ಬರದವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಬರುವಂತೆ ಇದೆಯಾ ಸಭೆ ಅನ್ನುವುದನ್ನೂ ಕೇಳಬೇಕಲ್ಲ.

ಇಪ್ಪತ್ತು ಬೈ ಮೂವತ್ತು ಅಡಿಯ ಹಾಲು, ಮೇಲೆ ಪತ್ರಾ, ಕೆಳಗೆ ಫರ್ಸಿ, ನಾಲ್ಕೂ ಕಡೆ ಸಿಮೆಂಟ್ ಗೋಡೆ. ಅದರೊಳಗೆ ಎರಡು ದೊಡ್ಡ ಬಾಕ್ಸ್, ಕೀಬೋರ್ಡ್, ಪ್ಯಾಡ್. ದನಿ ಗೋಡೆಗೆ ಬಡಿದು ವಾಪಸ್ ಬಂದು ಮಾತಿನ ಮೇಲೆ ಮಾತು ಬೀಳುತ್ತದೆ, ವಯಸ್ಸಾದವರಿಗೆ ಒಂದಕ್ಷರ ತಿಳಿಯುವುದಿಲ್ಲ. ಅಷ್ಟು ಜಾಗಕ್ಕೆ ಮೈಕೇ ಬೇಡ. ಬೇಕಿದ್ದರೆ ಸಣ್ಣ ಕಾಲಂ ಸ್ಪೀಕರ್ ಎರಡು, ಕಿವಿಯ ಎತ್ತರಕ್ಕಿಂತ ತುಸು ಮೇಲೆ, ಜನರ ಕಡೆ ಬಾಗಿಸಿ. ಹಿಂದಿನ ಗೋಡೆಗೆ ದಪ್ಪ ಜಮಖಾನ ತೂಗುಹಾಕಿದರೆ ಪ್ರತಿಧ್ವನಿ ಅರ್ಧ ಇಳಿಯುತ್ತದೆ.

ಸಮಯ. ಬೀದರ್ ಕಡೆ ಕನ್ನಡ, ತೆಲುಗು, ಮರಾಠಿ, ಉರ್ದು ಎಲ್ಲ ಬೆರೆತಿವೆ. ಪ್ರಸಂಗಕ್ಕೆ ಪಕ್ಕದಲ್ಲಿ ಅನುವಾದಕರು ನಿಂತರೆ ಇಪ್ಪತ್ತು ನಿಮಿಷದ್ದು ನಲವತ್ತಾಗುತ್ತದೆ. ಪಾಠ ಎರಡು ಭಾಷೆಯಲ್ಲಿ ಓದಿ, ಪ್ರಸಂಗ ಒಂದರಲ್ಲಿ ಹೇಳಿ, ಇನ್ನೊಂದರಲ್ಲಿ ಐದು ನಿಮಿಷದ ಸಾರ ಕೊಡಿ. ಪ್ರಕಟಣೆಗಳನ್ನು ಹಲಗೆಯ ಮೇಲೆ ಬರೆದು ಬಾಗಿಲಲ್ಲಿಡಿ. ಏಪ್ರಿಲ್, ಮೇನಲ್ಲಿ ಬಿಸಿಲು 40 ದಾಟುವ ಊರಿನಲ್ಲಿ ಒಂದು ಗಂಟೆಗೆ ಜನರನ್ನು ಬಿಟ್ಟರೆ ಮುಂದಿನ ವಾರ ಯಾರು ಬರುತ್ತಾರೆ? ಬೇಸಿಗೆಯಲ್ಲಿ 7:30ಕ್ಕೆ ಶುರು ಮಾಡಿ 9ಕ್ಕೆ ಮುಗಿಸಿ.

ಕುರ್ಚಿ. ಕಮಿಟಿಯವರಿಗೆ ಮುಂದೆ ಕುರ್ಚಿ, ಕೂಲಿಯವರಿಗೆ ಹಿಂದೆ ಚಾಪೆ. ಯಾಕೋಬ 2:2ರಿಂದ 4 ಇದನ್ನೇ ಬರೆದಿದೆ, ಬಟ್ಟೆ ನೋಡಿ ಜಾಗ ಕೊಡಬೇಡಿ ಅಂತ. ಕುರ್ಚಿ ಮಂಡಿನೋವಿನವರಿಗೆ, ಅಷ್ಟೇ.

ಕಾಣಿಕೆ. ಆರಾಧನೆ ಮುಗಿದ ಕೂಡಲೇ ಒಂದೇ ಮನೆಯವರಲ್ಲದ ಇಬ್ಬರು ಎಣಿಸಬೇಕು, ಯಾವ ನೋಟು ಎಷ್ಟು ಅಂತ ರಿಜಿಸ್ಟರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು, ಸೋಮವಾರ ಬ್ಯಾಂಕಿಗೆ. ತಿಂಗಳ ಲೆಕ್ಕ ಅದೇ ಹಲಗೆಯ ಮೇಲೆ. ಲೆಕ್ಕ ಮುಚ್ಚಿಟ್ಟ ಸಭೆಯಲ್ಲಿ ಜನ ಮೊದಲು ಕಾಣಿಕೆ ನಿಲ್ಲಿಸುತ್ತಾರೆ, ಆಮೇಲೆ ಬರುವುದನ್ನು.

ಎಲ್ಲಕ್ಕಿಂತ ಕೆಟ್ಟದ್ದು, ಸಾವಿನ ದಿನ ಸ್ಮಶಾನದ ಜಾಗಕ್ಕೆ ವರ್ಷಗಳ ಬಾಕಿ ಕೇಳುವುದು. ಆ ಮನೆಯವರು ಮತ್ತೆ ಆ ಬಾಗಿಲು ತುಳಿಯುವುದಿಲ್ಲ, ಅವರ ಮಕ್ಕಳೂ ತುಳಿಯುವುದಿಲ್ಲ. ಬಾಕಿ ಇದ್ದರೆ ಮೂರು ತಿಂಗಳಿಗೊಮ್ಮೆ ಗುಟ್ಟಾಗಿ ತಿಳಿಸಿ, ಕೊಡಲಾಗದವರದ್ದು ಮನ್ನಾ ಮಾಡಿ. ಫಾಯ್ ಸಾಹೇಬರು ತಾವೇ ತುಂಬುತ್ತೇನೆ ಅಂದದ್ದನ್ನು ಈಗಷ್ಟೇ ಓದಿದೆವಲ್ಲ.

ತೊಗರಿ_ಹೊಲ (ಚಿಂಚೋಳಿ ಕಡೆ)

ಇದು ಮಾತು ನೋಡ್ರಿ!

ಗೀತಪುಸ್ತಕ (ಬೀದರ್)

ಫರ್ಸಿಯಣ್ಣನ ಮಾತಿಗೆ ಎದುರಾಡುವುದಿಲ್ಲ. ಒಂದೇ ಒಂದು ಸೇರಿಸುತ್ತೇನೆ. ಇವೆಲ್ಲ ಸರಿಯಾದ ಮೇಲೆ ಬರುತ್ತೇನೆ ಅಂದರೆ ಸರಿ ಮಾಡುವವರು ಯಾರು? ಕೊರಿಂಥದ ಸಭೆಯಲ್ಲಿ ಕರ್ತನ ಭೋಜನದಲ್ಲೇ ಒಬ್ಬ ಹಸಿದಿದ್ದ, ಇನ್ನೊಬ್ಬ ಕುಡಿದು ಅಮಲೇರಿದ್ದ (1 ಕೊರಿಂಥದವರಿಗೆ 11:21). ಇಂಥ ಸಭೆಗೂ ಪೌಲ ಹೇಳಿದ್ದು, ಕೂಡಿಬಂದಾಗ ಒಬ್ಬರಿಗೊಬ್ಬರು ಕಾಯಿರಿ ಎಂದು (11:33). ಕೂಡುವುದನ್ನು ನಿಲ್ಲಿಸಿ ಅನ್ನಲಿಲ್ಲ. ಮೈಕಿನ ಎತ್ತರ ಬದಲಿಸಬೇಕು ಅಂತ ಹೇಳುವ ಹಕ್ಕು ಇರುವುದು ಪ್ರತಿ ವಾರ ಆ ಮೈಕ್ ಕೇಳುವವರಿಗೆ.

ಯೇಸುವಿನ ಶಿಷ್ಯ ತೋಮನ ವಿಷಯವೂ ಹಾಗೆಯೇ. ಪುನರುತ್ಥಾನದ ಸಂಜೆ ಅವನು ಕೂಟದಲ್ಲಿರಲಿಲ್ಲ, ಸಂಶಯದಲ್ಲಿ ಉಳಿದ. ಎಂಟು ದಿನದ ನಂತರ ಸಂಶಯ ಇಟ್ಟುಕೊಂಡೇ ಬಂದ, ಯೇಸುವನ್ನು ಕಂಡ (ಯೋಹಾನ 20:24ರಿಂದ 28). ಉಳಿದ ಹತ್ತು ಮಂದಿ ಅವನನ್ನು ಹೊರಗೆ ಹಾಕಿರಲಿಲ್ಲ ಅನ್ನುವುದನ್ನೂ ಗಮನಿಸಿ.

ಊರು_ಬಿಟ್ಟವರು (ಯಾದಗಿರಿ)

ದೀಪಾವಳಿ ಕಳೆದ ಮೇಲೆ ಬೆಂಗಳೂರು, ಹೈದರಾಬಾದ್, ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗುವವರ ಬಗ್ಗೆ ಯಾರೂ ಹೇಳಲಿಲ್ಲ. ಅರ್ಧ ವರ್ಷ ಊರಲ್ಲೇ ಇರುವುದಿಲ್ಲ. ಹೋಗುವ ಮುಂಚೆ ಪಾಸ್ಟರ್ ಕಡೆಯಿಂದ ಒಂದು ಪತ್ರ ತಗೊಳ್ಳಿ: ಹೆಸರು, ದೀಕ್ಷಾಸ್ನಾನ ಆದದ್ದು, ಸದಸ್ಯತ್ವ ಇರುವುದು, ಸಭೆಯ ಮೊಹರು. ಖಾಯಂ ಹೋಗುವವರಾದರೆ ವರ್ಗಾವಣೆ ಪತ್ರ, ಕೆಲವು ತಿಂಗಳಿಗಾದರೆ ಪರಿಚಯ ಪತ್ರ ಸಾಕು. ಅಲ್ಲಿ ತಲುಪಿದ ಮೊದಲ ರವಿವಾರವೇ ಹೋಗಿ. ತಿಂಗಳು ಬಿಟ್ಟು ಹೋಗೋಣ ಅಂದವರು ಹೋಗುವುದಿಲ್ಲ.

ಪತ್ರ ಯಾಕೆ ಅಂದರೆ, ನಾಳೆ ಮದುವೆಗೆ ಬೇಕು. ಮೂರು ರವಿವಾರ ಸಭೆಯಲ್ಲಿ ಪ್ರಕಟಣೆ ಓದುವ ಪದ್ಧತಿ ಇರುವುದು, ಈ ಮದುವೆಗೆ ಅಡ್ಡಿ ಇದ್ದರೆ ಗೊತ್ತಿದ್ದವರು ಹೇಳಲಿ ಅಂತ. ನಿಮ್ಮನ್ನು ಯಾರೂ ಅರಿಯದ ಸಭೆಯಲ್ಲಿ ಅದನ್ನು ಓದಿ ಏನು ಪ್ರಯೋಜನ?

ನೆಟ್ವರ್ಕ್_ಇಲ್ಲ (ಸುರಪುರ)

ತೆಲಂಗಾಣದ ಧಾರೂರಿನ ಕ್ರೈಸ್ತ ಜಾತ್ರೆಗೆ ಮಾತ್ರ ನವೆಂಬರಿನಲ್ಲಿ ಜೀಪು ತುಂಬಿಕೊಂಡು ಹೋಗುತ್ತಾರೆ, ಅದನ್ನು ಹಾಜರಿಗೆ ಹಿಡಿಯಬಹುದಾ?

ಹಳೇ_ರಿಜಿಸ್ಟರ್ (ಬೀದರ್)

ಹಿಡಿಯಬಹುದು, ವರ್ಷಕ್ಕೆ ಒಂದು ಅಂತ. ಹೋಗಬೇಡಿ ಅನ್ನುವುದಿಲ್ಲ, ಜಾತ್ರೆಯೂ ಕೂಡುವುದೇ. ಆದರೆ ಅಲ್ಲಿ ಸಾವಿರಾರು ಮಂದಿಯ ನಡುವೆ ನಿಮ್ಮ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಬಸವಕಲ್ಯಾಣ ನಮ್ಮ ಜಿಲ್ಲೆಯದೇ. ಒಂದೆಡೆ ಕೂತು ಮಾತಾಡುವುದರ ಬೆಲೆ ಅನುಭವ ಮಂಟಪದ ಸೀಮೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಶುಕ್ರವಾರ ನಮಾಜಿನ ಹೊತ್ತಿಗೆ ಅಂಗಡಿಯ ಶಟರ್ ಅರ್ಧ ಇಳಿಸಿ ಹೋಗುವವರನ್ನೂ ದಿನಾ ನೋಡುತ್ತೇವೆ.

ಮನೆ_ದೀಪ (ಹುಮನಾಬಾದ್)

ಎಲ್ಲರಿಗೂ ಉಪಕಾರ. ಮುಂದಿನ ಕಮಿಟಿಯಲ್ಲಿ ಮೂರು ಮಾತು ಇಡಬಹುದು ಅನಿಸುತ್ತದೆ: ಸುಗ್ಗಿಯಲ್ಲಿ ಬೆಳಗಿನ 6ರ ಆರಾಧನೆ, ಓಣಿಯ ಪ್ರಕಾರ ಹನ್ನೆರಡರ ಗುಂಪು, ಹಿಂದಿನ ಬೆಂಚಿಗೆ ಪರದೆ. ಆರು ಗಂಟೆಗಾದರೆ ಗಂಟೆ ಎಷ್ಟೊತ್ತಿಗೆ ಬಾರಿಸುವುದು? ಅಕ್ಕಪಕ್ಕದ ಮನೆಯವರು ಮಲಗಿರುತ್ತಾರೆ.

ತೊಗರಿ_ಹೊಲ (ಚಿಂಚೋಳಿ ಕಡೆ)

ಗಂಟಿ ಬ್ಯಾಡ್ರಿ. ಸುಗ್ಯಾಗ ಐದಕ್ಕೇ ಎದ್ದಿರ್ತೀವಿ. ಬಾಗಲಾ ತೆಗೆದು ಲೈಟ್ ಹಚ್ಚಿಡ್ರಿ, ಹೊಲಕ್ಕ ಹೋಗೋ ದಾರ್ಯಾಗ ಕಾಣ್ತದ.